ಆಪ್ತ ಸಮಾಲೋಚನಾ ಕೊಠಡಿಯ ಬಾಗಿಲಿಗೆ ಯಾವ ಹೆಸರು?

ಅತಿಥಿ ಉಪನ್ಯಾಸಕಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಆರು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಸಂಸ್ಥೆಯ ಹೆಸರು ಈ ಚರ್ಚೆಗೆ ಬೇಕಾಗಿಲ್ಲ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು ನಮ್ಮಲ್ಲಿ ಒಂದು ಸಮಿತಿ ರಚನೆಯಾಗಿದ್ದು, ಮುಂದಿನ ತಿಂಗಳ ಸಭೆಗೆ ಟಿಪ್ಪಣಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಒಂದು ಉಪನ್ಯಾಸ, ಒಂದು ಜಾಥಾ, ಒಂದು ಪ್ರಬಂಧ ಸ್ಪರ್ಧೆ ಇರಲಿ ಎಂಬ ಸಲಹೆಗಳು ಈಗಾಗಲೇ ಬಂದಿವೆ. ಅವು ಯಾವುವೂ ಕೆಟ್ಟವಲ್ಲ. ಆದರೆ ಕಳೆದ ವರ್ಷದ ಉಪನ್ಯಾಸವನ್ನು ಮನಸ್ಸಿಟ್ಟು ಕೇಳಿ, ಕೊನೆಯಲ್ಲಿ ಒಳ್ಳೆಯ ಪ್ರಶ್ನೆಯನ್ನೂ ಕೇಳಿದ ಹುಡುಗನೊಬ್ಬ ಮರುವಾರ ಸಮಾಲೋಚನಾ ಕೊಠಡಿಯ ಮುಂದೆ ಮೂರು ಸಲ ಅತ್ತಿಂದಿತ್ತ ನಡೆದು, ಯಾರೋ ಬಂದರೆಂದು ಒಳಗೆ ಹೋಗದೆ ಹಿಂದಿರುಗಿದ್ದನ್ನು ನಾನು ನೋಡಿದ್ದೇನೆ. ತಿಳಿವಳಿಕೆಯ ಕೊರತೆ ಅವನಿಗೆ ಇರಲಿಲ್ಲ. ಅವನನ್ನು ತಡೆದದ್ದು ಬೇರೆ.

ಆ ಕೊಠಡಿ ಇರುವುದು ಪರೀಕ್ಷಾ ವಿಭಾಗದ ಪಕ್ಕದಲ್ಲಿ, ವಿದ್ಯಾರ್ಥಿವೇತನದ ಅರ್ಜಿ ಸ್ವೀಕರಿಸುವ ಕಿಟಕಿಗೆ ಎದುರಾಗಿ. ಎಂದರೆ ಇಡೀ ಆವರಣದಲ್ಲಿ ಅತಿ ಹೆಚ್ಚು ಜನ ಸಾಲು ನಿಲ್ಲುವ ಜಾಗವದು. ಬಾಗಿಲ ಮೇಲೆ ‘ಮಾನಸಿಕ ಸಮಸ್ಯೆಯುಳ್ಳ ವಿದ್ಯಾರ್ಥಿಗಳ ಸಲಹಾ ಕೇಂದ್ರ’ ಎಂದು ದೊಡ್ಡದಾಗಿ ಬರೆಯಲಾಗಿದೆ. ಒಳಗೆ ಕಾಲಿಡುವ ಮೊದಲು ಹೊರಗಿನ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು, ವಿಭಾಗ, ನೋಂದಣಿ ಸಂಖ್ಯೆ ಮತ್ತು ‘ಬಂದ ಕಾರಣ’ ಬರೆಯಬೇಕು. ಆ ಪುಸ್ತಕ ಯಾರು ಬೇಕಾದರೂ ತಿರುವಿ ನೋಡುವಂತೆ ತೆರೆದೇ ಇರುತ್ತದೆ. ಒಂದು ಇಡೀ ಸೆಮಿಸ್ಟರ್‌ನಲ್ಲಿ ಅದರ ಎರಡು ಪುಟಗಳೂ ತುಂಬಿರಲಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಅಂಥ ತೊಂದರೆಗಳೇನೂ ಇಲ್ಲ ಎಂಬುದಕ್ಕೆ ಇದೇ ಪುರಾವೆಯೆಂದು ಒಬ್ಬ ಹಿರಿಯರು ಸಮಿತಿಯಲ್ಲಿ ಹೇಳಿದಾಗ ನನಗೆ ತುಂಬ ನೋವಾಯಿತು.

ನೋವಿಗೆ ಕಾರಣವನ್ನೂ ಹೇಳಿಬಿಡುತ್ತೇನೆ. ಸಂಶೋಧನೆಯ ಮೂರನೆಯ ವರ್ಷದಲ್ಲಿ ನನಗೆ ಖಿನ್ನತೆ ಬಂದಿತ್ತು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇರುತ್ತಿರಲಿಲ್ಲ. ಬಸ್ ನಿಲ್ದಾಣದವರೆಗೆ ಹೋಗಿ, ಬಸ್ಸು ಹತ್ತಲಾಗದೆ ಅಲ್ಲಿಯೇ ಕುಳಿತು, ಸಂಜೆ ಮನೆಗೆ ಬಂದು ಗ್ರಂಥಾಲಯಕ್ಕೆ ಹೋಗಿದ್ದೆನೆಂದು ಅಮ್ಮನಿಗೆ ಹೇಳಿದ ದಿನಗಳಿವೆ. ಹದಿನೈದು ತಿಂಗಳು ಚಿಕಿತ್ಸೆ ಪಡೆದೆ, ಗುಣವಾಯಿತು. ಆ ಹದಿನೈದು ತಿಂಗಳೂ ಮಾತ್ರೆಯನ್ನು ಕಂಡವರಿಗೆ ಥೈರಾಯ್ಡ್ ಎಂದು ಹೇಳಿದೆ. ಕಾಯಿಲೆಗಿಂತ ಆ ಸುಳ್ಳನ್ನು ಕಾಪಾಡಿಕೊಂಡು ಬರುವುದೇ ನನ್ನನ್ನು ಹೆಚ್ಚು ದಣಿಸಿತು. ಥೈರಾಯ್ಡ್ ಎಂದಾಗ ‘ಸರಿಯಾಗಿ ಮಾತ್ರೆ ತಗೋ’ ಎಂದು ಅಕ್ಕರೆಯಿಂದ ಹೇಳಿದವರೇ, ನಿಜ ಹೇಳಿದ್ದರೆ ಏನೆನ್ನುತ್ತಿದ್ದರು ಎಂದು ಈಗಲೂ ಯೋಚಿಸುತ್ತೇನೆ.

ಹಾಗಾಗಿ ನನ್ನ ಪ್ರಶ್ನೆ ಇಷ್ಟೇ. ಆ ಕೊಠಡಿಯನ್ನು ಎಲ್ಲಿಗೆ ಸ್ಥಳಾಂತರಿಸಬೇಕು, ಬಾಗಿಲ ಮೇಲೆ ಏನೆಂದು ಬರೆಯಬೇಕು, ಮತ್ತು ಆ ಪುಸ್ತಕವನ್ನು ಏನು ಮಾಡಬೇಕು? ತಮ್ಮ ಅನುಭವದಿಂದ ಹೇಳಬೇಕೆಂದು ಕೋರುತ್ತೇನೆ.

ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ

ಮೇಡಂ, ತಾವು ನಿಮ್ಮ ವಿಷಯವನ್ನು ಇಷ್ಟು ನೇರವಾಗಿ ಬರೆದದ್ದಕ್ಕೆ ಮೊದಲು ಕೃತಜ್ಞತೆ ಹೇಳುತ್ತೇನೆ. ನಾನು ಹಾಸ್ಟೆಲ್‌ನಲ್ಲಿರುವವಳು. ನಮ್ಮಲ್ಲಿ ‘ಮೆಂಟಲ್’, ‘ಸೈಕೋ’ ಎಂಬ ಮಾತುಗಳು ಊಟದ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತವೆ. ಆಡುವವರಿಗೆ ಅದು ತಮಾಷೆ. ಆದರೆ ನನ್ನ ಕೋಣೆಯ ಗೆಳತಿಗೆ ಪರೀಕ್ಷೆಯ ಹಿಂದಿನ ದಿನ ಎದೆ ಬಡಿತ ಏರಿ, ಉಸಿರು ಕಟ್ಟಿದಂತಾಗಿ, ಸತ್ತೇ ಹೋಗುತ್ತೇನೆಂದು ಅವಳು ನನ್ನ ಕೈ ಹಿಡಿದುಕೊಂಡಾಗ, ಬೆಳಿಗ್ಗೆ ಸಮಾಲೋಚಕರ ಬಳಿ ಹೋಗೋಣವೆಂದು ನಾನು ಹೇಳಿದ್ದಕ್ಕೆ ಅವಳು ಕೊಟ್ಟ ಉತ್ತರ, ‘ನಾನೇನು ಮೆಂಟಲ್ಲಾ?’ ಎಂಬುದಾಗಿತ್ತು. ಊಟದ ಮನೆಯ ತಮಾಷೆ ಅಷ್ಟು ಹೊತ್ತಿಗೆ ಅವಳ ಒಳಗೆ ಹೋಗಿ ಕುಳಿತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಹೋದೆವು. ನಾವು ಹಾಸ್ಟೆಲ್‌ಗೆ ಹಿಂದಿರುಗುವಷ್ಟರಲ್ಲಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಅವಳಿಗೆ ಏನಾಗಿದೆಯಂತೆ ಎಂಬ ಪ್ರಶ್ನೆ ಬಂದಿತ್ತು. ಅವಳು ಮತ್ತೆ ಅತ್ತ ಹೋಗಲಿಲ್ಲ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಬಾಗಿಲ ಮೇಲೆ ‘ಮಾನಸಿಕ’ ಎಂಬ ಶಬ್ದವೇ ಇರಬಾರದು. ‘ವಿದ್ಯಾರ್ಥಿ ಸಹಾಯ ಕೊಠಡಿ’ ಎಂದಷ್ಟೇ ಇದ್ದು, ಅಲ್ಲಿಯೇ ಬಸ್ ಪಾಸ್, ಹಾಸ್ಟೆಲ್ ದೂರು, ವಿದ್ಯಾರ್ಥಿವೇತನದ ಮಾಹಿತಿಯೂ ಸಿಗುವಂತಿದ್ದರೆ, ಒಳಗೆ ಹೋದವರು ಯಾವುದಕ್ಕಾಗಿ ಹೋದರೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಹೊರಗಿನ ಪುಸ್ತಕವನ್ನಂತೂ ಇಂದೇ ತೆಗೆಯಬೇಕು.

ನಿವೃತ್ತ ಪ್ರಾಧ್ಯಾಪಕ, ಸಾಗರ

ನನ್ನ ಮಾತು ಕೆಲವರಿಗೆ ಹಿಡಿಸಲಾರದು, ಆದರೂ ಚರ್ಚೆಯಾದ್ದರಿಂದ ಹೇಳುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದ್ದೇನೆ. ವಿದ್ಯಾರ್ಥಿಗಳ ದುಃಖ ನನಗೆ ಹೊಸದಲ್ಲ. ಆದರೆ ಇತ್ತೀಚೆಗೆ ಒಂದು ವಿಷಯದಲ್ಲಿ ಅನುತ್ತೀರ್ಣನಾದರೆ ಡಿಪ್ರೆಶನ್, ಗೆಳೆಯರಲ್ಲಿ ಮನಸ್ತಾಪವಾದರೆ ಡಿಪ್ರೆಶನ್ ಎಂಬ ಮಾತು ಕೇಳುತ್ತಿದ್ದೇನೆ. ಬದುಕಿನಲ್ಲಿ ಸಹಜವಾಗಿ ಬರುವ ಕಷ್ಟಗಳಿಗೆಲ್ಲ ಕಾಯಿಲೆಯ ಹೆಸರಿಟ್ಟರೆ, ಅದನ್ನು ತಾಳಿಕೊಳ್ಳುವ ಶಕ್ತಿ ಮಕ್ಕಳಲ್ಲಿ ಬೆಳೆಯುವುದು ಹೇಗೆ? ಅಲ್ಲದೆ ನಿಜವಾಗಿ ಕಾಯಿಲೆ ಇರುವವನ ಮಾತಿಗೂ ಆಗ ಬೆಲೆ ಇರುವುದಿಲ್ಲ.

ಇನ್ನೊಂದು ಮಾತು. ಕೊಠಡಿಯ ಹೆಸರನ್ನು ಮುಚ್ಚಿಡಬೇಕೆಂದು ಮಗಳು ಬರೆದಿದ್ದಾಳೆ. ಕಳಂಕ ಹೋಗಬೇಕೆಂದು ಹೊರಟವರೇ ಹೆಸರನ್ನು ಮರೆಮಾಚಿದರೆ, ಇದು ನಾಚಿಕೆಪಡಬೇಕಾದ ವಿಷಯವೆಂದು ಸಂಸ್ಥೆಯೇ ಒಪ್ಪಿಕೊಂಡಂತೆ ಆಗಲಿಲ್ಲವೇ?

ಮನೋಸಾಮಾಜಿಕ ಕಾರ್ಯಕರ್ತೆ, ಶಿವಮೊಗ್ಗ

ಹಿರಿಯರ ಎರಡು ಪ್ರಶ್ನೆಗಳೂ ನಮ್ಮ ವೃತ್ತಿಯಲ್ಲಿರುವವರು ದಿನವೂ ಎದುರಿಸುವಂಥವು. ಮೊದಲನೆಯದಕ್ಕೆ ಉತ್ತರ ಸ್ವಲ್ಪ ದೀರ್ಘವಾಗುತ್ತದೆ, ಕ್ಷಮಿಸಬೇಕು.

ದುಃಖಕ್ಕೂ ಖಿನ್ನತೆಗೂ ನಡುವೆ ಗೆರೆ ಎಳೆಯುವುದು ನಮ್ಮ ಕೆಲಸದ ಮುಖ್ಯ ಭಾಗವೇ ಆಗಿದೆ. ಬೇಸರ ಅಥವಾ ನಿರಾಸಕ್ತಿ ಕನಿಷ್ಠ ಎರಡು ವಾರ, ದಿನದ ಹೆಚ್ಚಿನ ಹೊತ್ತು, ಬಹುತೇಕ ಪ್ರತಿದಿನವೂ ಇದ್ದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ, ಶಕ್ತಿ ಇವುಗಳಲ್ಲಿ ಬದಲಾವಣೆ ಕಂಡು, ಓದು ಅಥವಾ ದಿನನಿತ್ಯದ ಕೆಲಸ ನಿಂತುಹೋಗುವ ಮಟ್ಟಕ್ಕೆ ಬಂದಾಗ ಮಾತ್ರ ಅದನ್ನು ಖಿನ್ನತೆಯೆಂದು ಪರಿಗಣಿಸುತ್ತೇವೆ. ಅನುತ್ತೀರ್ಣನಾದ ವಿದ್ಯಾರ್ಥಿ ನಾಲ್ಕು ದಿನ ಅತ್ತು, ಐದನೆಯ ದಿನ ಮರುಪರೀಕ್ಷೆಯ ಶುಲ್ಕ ಕಟ್ಟಿ ಬಂದರೆ ಅವನಿಗೆ ನನ್ನ ಅಗತ್ಯವಿಲ್ಲ. ಅವನೇ ಬಂದರೂ ಹಾಗೆಯೇ ಹೇಳಿ ಕಳಿಸುತ್ತೇನೆ. ಆದರೆ ಆ ಗೆರೆಯ ಯಾವ ಕಡೆ ತಾನಿದ್ದೇನೆಂದು ಇಪ್ಪತ್ತು ವರ್ಷದ ಹುಡುಗ ತಾನೇ ನಿರ್ಧರಿಸಲಾರ. ಅದಕ್ಕಾದರೂ ಅವನು ಒಮ್ಮೆ ಬಾಗಿಲು ದಾಟಬೇಕು. ಜ್ವರ ಬಂದವರೆಲ್ಲರಿಗೂ ಟೈಫಾಯ್ಡ್ ಇರುವುದಿಲ್ಲ. ಇಲ್ಲವೆಂದು ಹೇಳುವುದಕ್ಕೂ ಪರೀಕ್ಷಿಸಬೇಕಾಗುತ್ತದೆ.

ವಯಸ್ಸಿನ ವಿಷಯವನ್ನೂ ಗಮನಿಸಬೇಕು. ಮಾನಸಿಕ ಕಾಯಿಲೆಗಳಲ್ಲಿ ಬಹುಪಾಲು ಮೊದಲು ಕಾಣಿಸಿಕೊಳ್ಳುವುದು ಇಪ್ಪತ್ತೈದು ವರ್ಷದ ಒಳಗೆ. ಎಂದರೆ ಪದವಿ, ಸ್ನಾತಕೋತ್ತರ ಪದವಿಯ ವರ್ಷಗಳು ಮತ್ತು ಕಾಯಿಲೆ ತಲೆ ಎತ್ತುವ ವರ್ಷಗಳು ಒಂದೇ. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಯ ಬಗೆಯನ್ನು ಅನುಸರಿಸಿ ಚಿಕಿತ್ಸೆ ಪಡೆಯದೆ ಉಳಿದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು. ಅಂದರೆ ಸಣ್ಣ ದುಃಖಕ್ಕೆಲ್ಲ ಓಡಿ ಬರುವವರ ನೂಕುನುಗ್ಗಲು ನಮ್ಮಲ್ಲಿ ಇಲ್ಲ. ನಿಜವಾಗಿ ಬರಬೇಕಾದವರೇ ಬರುತ್ತಿಲ್ಲ.

ಉಪನ್ಯಾಸಗಳ ಬಗ್ಗೆ ಮೇಡಂ ಬರೆದ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಮತ್ತು ಅವರ ಸಹೋದ್ಯೋಗಿಗಳು 72 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ವಯಸ್ಕರ ಮನೋಭಾವ ಬದಲಾಗುವುದು ಮಾಹಿತಿಯಿಂದ ಎನ್ನುವುದಕ್ಕಿಂತ ಹೆಚ್ಚಾಗಿ, ಕಾಯಿಲೆಯನ್ನು ಅನುಭವಿಸಿ ಚೇತರಿಸಿಕೊಂಡವರನ್ನು ಮುಖತಃ ಕಂಡು ಅವರ ಮಾತು ಕೇಳುವುದರಿಂದ ಎಂದು ಕಂಡುಬಂದಿತು. ಖಿನ್ನತೆಯ ಲಕ್ಷಣಗಳನ್ನು ನಾನು ಪರದೆಯ ಮೇಲೆ ತೋರಿಸುವುದಕ್ಕಿಂತ, ತಮಗೆ ಪಾಠ ಹೇಳುವ ಮೇಡಂ ಒಬ್ಬರು ‘ನನಗೆ ಹೀಗಾಗಿತ್ತು, ಈಗ ನಿಮ್ಮ ಮುಂದೆ ನಿಂತಿದ್ದೇನೆ’ ಎನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಹಾಗೆಂದು ಯಾರನ್ನೂ ಹೇಳುವಂತೆ ಒತ್ತಾಯಿಸಬಾರದು. ಹೇಳಿದವರಿಗೆ ನಂತರ ತೊಂದರೆಯಾಗದಂತೆ ನೋಡಿಕೊಳ್ಳುವ ಸಂಸ್ಥೆಯಲ್ಲಿ ಮಾತ್ರ ಅದನ್ನು ಕೇಳುವ ಹಕ್ಕಿದೆ.

ಹೆಸರಿನ ಪ್ರಶ್ನೆಗೆ ಬಂದರೆ, ವಿದ್ಯಾರ್ಥಿನಿಯ ಮಾತೂ ಹಿರಿಯರ ಮಾತೂ ನನಗೆ ಒಂದಕ್ಕೊಂದು ವಿರುದ್ಧವಾಗಿ ಕಾಣುವುದಿಲ್ಲ. ವ್ಯಕ್ತಿಯ ವಿಷಯ ಗುಟ್ಟಾಗಿರಬೇಕು, ಕಾಯಿಲೆಯ ವಿಷಯ ಗುಟ್ಟಾಗಿರಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ವ್ಯಕ್ತಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ‘ಬಂದ ಕಾರಣ’ವನ್ನು ತೆರೆದ ಪುಸ್ತಕದಲ್ಲಿ ಬರೆಸುವುದು ಆ ಕಾಯ್ದೆಯ ಆಶಯಕ್ಕೆ ನೇರವಾಗಿ ವಿರುದ್ಧವಾದುದು.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ನಾನು ಹೆಚ್ಚು ಓದಿದವನಲ್ಲ. ಮಗ ಪದವಿ ಓದುವಾಗ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಅವನು ಹಾಸ್ಟೆಲ್‌ನಿಂದ ದಸರಾ ರಜೆಗೆ ಬಂದವನು ಹಿಂದಿರುಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದ, ಒಬ್ಬನೇ ಮಾತಾಡುತ್ತಿದ್ದ, ತನ್ನ ಬಗ್ಗೆ ಹಾಸ್ಟೆಲ್‌ನವರು ಪಿತೂರಿ ನಡೆಸಿದ್ದಾರೆಂದು ಹೇಳುತ್ತಿದ್ದ. ನಾವು ನಿಮಿತ್ತ ಕೇಳಿಸಿದೆವು. ತೋಟದ ಚೌಡಿಗೆ ನಡೆದುಕೊಳ್ಳುವುದರಲ್ಲಿ ಲೋಪವಾಗಿದೆ ಎಂದರು. ಅದನ್ನು ಸರಿಪಡಿಸಿದೆವು. ಅಂತ್ರ ಕಟ್ಟಿಸಿದೆವು. ಹರಕೆ ಹೊತ್ತೆವು. ಹೀಗೆ ಎಂಟು ತಿಂಗಳು ಕಳೆಯಿತು. ಹುಡುಗ ಇನ್ನಷ್ಟು ಸೊರಗಿದ. ಕೊನೆಗೆ ನಮ್ಮ ಊರಿನ ಆಶಾ ಕಾರ್ಯಕರ್ತೆ, ‘ಮಾವ, ದೇವರಿಗೆ ಮಾಡುವುದನ್ನು ಮಾಡಿ, ಆದರೆ ಒಂದು ಸಲ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದಳು. ಅವಳು ದೇವರನ್ನು ಬಿಡಿ ಎಂದಿದ್ದರೆ ನಾನು ಕೇಳುತ್ತಿರಲಿಲ್ಲ, ಇದು ಸತ್ಯ. ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾದ ಎರಡು ತಿಂಗಳಿಗೆ ಅವನು ಮತ್ತೆ ನನ್ನ ಜೊತೆ ತೋಟಕ್ಕೆ ಬಂದ.

ಆ ಎಂಟು ತಿಂಗಳು ನನ್ನನ್ನು ಈಗಲೂ ಕಾಡುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕೆಂದು ಗೊತ್ತಿರುವ ನಾನು, ಮಗನ ವಿಷಯದಲ್ಲಿ ಕಾಯಿ ಉದುರುವವರೆಗೂ ಸುಮ್ಮನಿದ್ದೆ. ಏಕೆಂದರೆ ಹೆದರಿಕೆ ಇತ್ತು. ಅವನ ತಂಗಿಗೆ ಸಂಬಂಧ ನೋಡುತ್ತಿದ್ದೆವು. ಮನೆಯಲ್ಲಿ ‘ತಲೆ ಕೆಟ್ಟವನು’ ಇದ್ದಾನೆಂದು ಗೊತ್ತಾದರೆ ಯಾರು ಬರುತ್ತಾರೆ ಎಂಬುದೊಂದೇ ಯೋಚನೆ. ನಮ್ಮ ಕಡೆ ಮಂಗನ ಕಾಯಿಲೆ ಬಂದರೆ ಯಾರೂ ಮುಚ್ಚಿಡುವುದಿಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಆ ಜ್ವರದ ಬಗ್ಗೆ ಇವತ್ತಿಗೂ ಚಳಿಗಾಲ ಬಂತೆಂದರೆ ಊರಿಗೆ ಊರೇ ಮಾತಾಡುತ್ತದೆ. ಎಲ್ಲಿ ಮಂಗ ಸತ್ತಿದೆ, ಯಾರಿಗೆ ಜ್ವರ ಬಂದಿದೆ ಎಂದು ಫೋನ್ ಮಾಡಿ ತಿಳಿಸುತ್ತೇವೆ. ಜೀವ ತೆಗೆಯುವ ಕಾಯಿಲೆಯ ಬಗ್ಗೆ ಇಷ್ಟು ಬಾಯಿಬಿಟ್ಟು ಮಾತಾಡುವವರು, ಇದೊಂದರ ಬಗ್ಗೆ ಮಾತ್ರ ಬಾಯಿ ಮುಚ್ಚಿಕೊಂಡೆವು.

ಉಪನ್ಯಾಸಕಿಯವರಲ್ಲಿ ಒಂದು ಬೇಡಿಕೆ. ಹಾಸ್ಟೆಲ್‌ಗೆ ಮಕ್ಕಳನ್ನು ಸೇರಿಸುವ ದಿನ ತಂದೆತಾಯಿ ಬಂದಿರುತ್ತೇವೆ. ಶುಲ್ಕ, ನಿಯಮ, ಊಟದ ಹೊತ್ತು ಎಲ್ಲ ಹೇಳುತ್ತಾರೆ. ಆ ದಿನ ಹತ್ತು ನಿಮಿಷ ಇದನ್ನೂ ಹೇಳಿ. ಕನ್ನಡದಲ್ಲಿ ಹೇಳಿ. ಮಗ ಹೀಗೆ ಮಾಡಿದರೆ ಯಾರಿಗೆ ಫೋನ್ ಮಾಡಬೇಕೆಂದು ಒಂದು ಚೀಟಿ ಕೊಡಿ. ನನಗೆ ಅಂಥ ಚೀಟಿ ಸಿಕ್ಕಿದ್ದರೆ ಎಂಟು ತಿಂಗಳು ಹೋಗುತ್ತಿರಲಿಲ್ಲ.

ಮಹಿಳಾ ಹಾಸ್ಟೆಲ್ ವಾರ್ಡನ್

ಬೆಳೆಗಾರರ ಬರಹವನ್ನು ಎರಡು ಸಲ ಓದಿದೆ. ನಾನೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ವಾರಗಟ್ಟಲೆ ತರಗತಿಗೆ ಹೋಗದೆ ಕೋಣೆಯಲ್ಲಿಯೇ ಮಲಗಿರುತ್ತಿದ್ದಳು. ನಾನು ಅವಳನ್ನು ಕರೆದು ವಿಚಾರಿಸುವ ಮೊದಲೇ, ಕಚೇರಿಯಿಂದಲೇ ಅವಳ ತಂದೆಗೆ ಫೋನ್ ಮಾಡಿ, ಬೇರೆ ಹುಡುಗಿಯರು ಸಹಿ ಹಾಕಲು ನಿಂತಿದ್ದಾಗಲೇ ಎಲ್ಲವನ್ನೂ ಹೇಳಿದೆ. ಮರುದಿನ ಅವರು ಬಂದು ಅವಳನ್ನು ಕರೆದುಕೊಂಡು ಹೋದರು. ಅವಳು ಓದು ಮುಂದುವರಿಸಲಿಲ್ಲ. ನನ್ನ ಉದ್ದೇಶ ಒಳ್ಳೆಯದೇ ಆಗಿತ್ತು, ಆದರೆ ನಾನು ಮೊದಲು ಅವಳ ಬಳಿ ಹೋಗಿ ಕುಳಿತುಕೊಳ್ಳಬೇಕಾಗಿತ್ತು.

ನಮಗೆ ತರಬೇತಿ ಬೇಕು ಎಂಬುದು ನನ್ನ ಮೊದಲ ಮಾತು. ಹಗಲು ಸಮಾಲೋಚಕರು ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವ ಹುಡುಗಿಗೆ ಸಿಗುವುದು ನಾನು ಮತ್ತು ಕಾವಲಿನವರು. ಮಲೆನಾಡಿನ ನಮ್ಮ ವಿಶ್ವವಿದ್ಯಾಲಯಗಳಿರುವ ಜಾಗವನ್ನೇ ನೋಡಿ. ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣ ಶಂಕರಘಟ್ಟದಲ್ಲಿದೆ, ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಎರಡೂ ನಗರದಿಂದ ದೂರ, ಕಾಡಿನ ನಡುವೆ. ಆಷಾಢದ ಮಳೆಯಲ್ಲಿ ಕರೆಂಟ್ ಹೋದ ರಾತ್ರಿ ಇಂಥ ಆವರಣದಿಂದ ಮನೋವೈದ್ಯರ ಬಳಿಗೆ ಹೋಗುವುದು ಮಾತಿನಷ್ಟು ಸುಲಭವಲ್ಲ. ಅಂಥ ಹೊತ್ತಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಬಹಳ ಉಪಯೋಗಕ್ಕೆ ಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ನಾನೇ ಒಂದು ರಾತ್ರಿ ಕರೆ ಮಾಡಿ, ಪಕ್ಕದಲ್ಲಿ ಕುಳಿತಿದ್ದ ಹುಡುಗಿಗೆ ಏನು ಹೇಳಬೇಕೆಂದು ಕೇಳಿ ತಿಳಿದುಕೊಂಡಿದ್ದೇನೆ.

ಮನೋಸಾಮಾಜಿಕ ಕಾರ್ಯಕರ್ತೆಯವರನ್ನು ಒಂದು ವಿಷಯ ಕೇಳಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನಾವೇ ಬಾಯಿಬಿಟ್ಟು ಕೇಳಿದರೆ, ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತೆ ಆಗುವುದಿಲ್ಲವೇ? ಈ ಭಯದಿಂದ ನಾನು ಎಷ್ಟೋ ಸಲ ಕೇಳದೆ ಬಿಟ್ಟಿದ್ದೇನೆ.

ಮನೋಸಾಮಾಜಿಕ ಕಾರ್ಯಕರ್ತೆ, ಶಿವಮೊಗ್ಗ

ಇಲ್ಲ ಮೇಡಂ, ಹಾಗಾಗುವುದಿಲ್ಲ. ಅಕ್ಕರೆಯಿಂದ, ತೀರ್ಪು ಕೊಡುವ ದನಿಯಿಲ್ಲದೆ ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದೂ ಇಲ್ಲ, ಹೆಚ್ಚುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಕೇಳಿದಾಗ ಬಹಳಷ್ಟು ಮಂದಿಗೆ, ಕೊನೆಗೂ ಯಾರಾದರೂ ಕೇಳಿದರಲ್ಲ ಎಂದು ಎದೆಯ ಭಾರ ಇಳಿಯುತ್ತದೆ. ಹೌದೆಂಬ ಉತ್ತರ ಬಂದರೆ ಅವರನ್ನು ಒಬ್ಬರೇ ಇರಲು ಬಿಡಬೇಡಿ, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ಆ ರಾತ್ರಿಯೇ ಸಹಾಯವಾಣಿಗೆ ಅಥವಾ ಆಸ್ಪತ್ರೆಗೆ ಸಂಪರ್ಕ ಕಲ್ಪಿಸಿ. ಗೋಪ್ಯತೆಗೆ ಇರುವ ಮುಖ್ಯ ವಿನಾಯಿತಿ ಇದು: ಜೀವಕ್ಕೆ ಅಪಾಯವಿದ್ದಾಗ ತಿಳಿಸಬೇಕಾದವರಿಗೆ ತಿಳಿಸಲೇಬೇಕು. ಆದರೆ ಆಗಲೂ ವಿದ್ಯಾರ್ಥಿಗೆ ಮೊದಲು ಹೇಳಿ, ನಂತರ ತಿಳಿಸಬೇಕು.

ಪೊಲೀಸ್ ಮೊಕದ್ದಮೆ ಆಗುತ್ತದೆಂಬ ಹೆದರಿಕೆಯಿಂದ ಇಂಥ ಪ್ರಕರಣಗಳನ್ನು ಹೊಟ್ಟೆನೋವು ಎಂದು ಬರೆಸಿ ಮುಚ್ಚುವುದುಂಟು. 2017ರ ಕಾಯ್ದೆಯ 115ನೆಯ ಕಲಮು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ಹೇಳುತ್ತದೆ. ಇದು ವಾರ್ಡನ್‌ಗಳಿಗೂ ಪ್ರಾಂಶುಪಾಲರಿಗೂ ಗೊತ್ತಿರಬೇಕು.

ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರು

ಒಂದು ಸಣ್ಣ ಮಾತು ಸೇರಿಸುತ್ತೇನೆ. ನಾನು ಚಿಕಿತ್ಸೆಗೆ ಹೋಗಲು ಹಿಂಜರಿದದ್ದು ಗೆಳೆಯರ ಮಾತಿಗಲ್ಲ, ಕಾಗದಕ್ಕೆ. ಕಡಿಮೆ ಹಾಜರಾತಿಗೆ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕಾಗಿತ್ತು. ಅದರ ಮೇಲೆ ಮನೋವೈದ್ಯರ ಮುದ್ರೆ ಇದ್ದರೆ ವಿಭಾಗದ ಕಚೇರಿಯಿಂದ ಹಿಡಿದು ಕ್ಯಾಂಪಸ್ ಸಂದರ್ಶನದವರೆಗೆ ಅದು ನನ್ನನ್ನು ಹಿಂಬಾಲಿಸುತ್ತದೆಂದು ಹೆದರಿದ್ದೆ. ಪ್ರಮಾಣಪತ್ರ ಆರೋಗ್ಯ ಕೇಂದ್ರದಲ್ಲಿಯೇ ಉಳಿದು, ವಿಭಾಗಕ್ಕೆ ‘ವೈದ್ಯಕೀಯ ಕಾರಣ, ರಜೆ ಮಂಜೂರು’ ಎಂಬ ಒಂದೇ ಸಾಲು ಹೋಗುವಂತಿದ್ದರೆ ನಾನು ಒಂದು ವರ್ಷ ಮೊದಲೇ ಹೋಗುತ್ತಿದ್ದೆ.

ನಿವೃತ್ತ ಪ್ರಾಧ್ಯಾಪಕ, ಸಾಗರ

ಹುಡುಗ ಎತ್ತಿದ ಹಾಜರಾತಿಯ ವಿಷಯ ಸರಿಯಾಗಿದೆ, ಅದನ್ನು ಟಿಪ್ಪಣಿಯಲ್ಲಿ ಸೇರಿಸಬೇಕು. ಸಣ್ಣ ಕಷ್ಟಕ್ಕೆ ದೊಡ್ಡ ಹೆಸರಿಡಬಾರದೆಂಬ ನನ್ನ ಅಭಿಪ್ರಾಯವನ್ನು ನಾನು ಬಿಟ್ಟಿಲ್ಲ. ಆದರೆ ಆ ಗೆರೆಯನ್ನು ಎಳೆಯಬೇಕಾದವರು ಬಲ್ಲವರು, ನಾನಲ್ಲ, ಎಂಬುದನ್ನು ಒಪ್ಪುತ್ತೇನೆ. ಈಗ ನನ್ನ ಚಿಂತೆ ಬೇರೆ. ನಾನು ಕಂಡ ಕಾಲೇಜುಗಳಲ್ಲಿ ಸಮಾಲೋಚಕರ ನೇಮಕ ವರ್ಷಕ್ಕೊಮ್ಮೆ ಗುತ್ತಿಗೆಯ ಮೇಲೆ ಆಗುತ್ತಿತ್ತು. ಜೂನ್‌ನಲ್ಲಿ ಬಂದವರು ಮಾರ್ಚ್‌ಗೆ ಹೋಗುತ್ತಿದ್ದರು. ಕೆಲವೆಡೆ ಪಾಠದ ಹೊರೆ ಕಡಿಮೆಯಿರುವ ಉಪನ್ಯಾಸಕರಿಗೇ ಆ ಕೆಲಸ ವಹಿಸುತ್ತಿದ್ದರು. ಬೆಳಿಗ್ಗೆ ಆಂತರಿಕ ಅಂಕ ಕೊಡುವವರ ಮುಂದೆ ಮಧ್ಯಾಹ್ನ ಮನಸ್ಸು ಬಿಚ್ಚುವ ವಿದ್ಯಾರ್ಥಿ ಯಾರು? ಬೋರ್ಡನ್ನು ಎಷ್ಟು ಚೆನ್ನಾಗಿ ಬರೆದರೂ ಒಳಗಿನ ಕುರ್ಚಿಯಲ್ಲಿ ಪ್ರತಿವರ್ಷ ಹೊಸಬರು ಕುಳಿತಿದ್ದರೆ ನಂಬಿಕೆ ಹುಟ್ಟುವುದಿಲ್ಲ.

ಅತಿಥಿ ಉಪನ್ಯಾಸಕಿ, ಶಿವಮೊಗ್ಗ

ಸರ್, ಈ ಅಂಶ ನನ್ನ ಗಮನಕ್ಕೆ ಬಂದಿರಲಿಲ್ಲ. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಕೊಟ್ಟ ತೀರ್ಪಿನಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ 15 ಮಾರ್ಗಸೂಚಿಗಳನ್ನು ವಿಧಿಸಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹತೆಯುಳ್ಳ ಕನಿಷ್ಠ ಒಬ್ಬ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು, ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಿಸಬೇಕು, ಸಹಾಯವಾಣಿಯ ಸಂಖ್ಯೆಗಳನ್ನು ಹಾಸ್ಟೆಲ್ ಮತ್ತು ತರಗತಿಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು ಎಂಬುವು ಅವುಗಳಲ್ಲಿ ಸೇರಿವೆ. ವಾರ್ಡನ್ ಮೇಡಂ ಕೇಳಿದ ತರಬೇತಿ ಈಗ ಯಾರ ಕೃಪೆಯೂ ಅಲ್ಲ. ಅಂಕ ಕೊಡುವವರೇ ಸಮಾಲೋಚಕರಾಗಬಾರದೆಂದು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ.

ಇಷ್ಟು ದಿನದ ಚರ್ಚೆಯಿಂದ ನನ್ನ ಮನಸ್ಸಿನಲ್ಲಿ ಒಂದು ವ್ಯವಸ್ಥೆ ರೂಪುಗೊಂಡಿದೆ. ಕೊಠಡಿಯನ್ನು ಆರೋಗ್ಯ ಕೇಂದ್ರದ ಕಟ್ಟಡಕ್ಕೆ ಸ್ಥಳಾಂತರಿಸುವುದು. ಅಲ್ಲಿ ನೆಗಡಿ, ಜ್ವರ, ಗಾಯಕ್ಕೆ ಬರುವವರು ಕುಳಿತುಕೊಳ್ಳುವ ಬೆಂಚಿನಲ್ಲಿಯೇ ಇವರೂ ಕುಳಿತುಕೊಳ್ಳುತ್ತಾರೆ. ವಿದ್ಯಾರ್ಥಿನಿ ಕೇಳಿದ ಮರೆ ಇದರಿಂದ ಸಿಗುತ್ತದೆ. ಆದರೆ ಒಳಗಿನ ಬಾಗಿಲ ಮೇಲೆ ಹೆಸರನ್ನು ಮುಚ್ಚಿಡುವುದಿಲ್ಲ. ಹಳೆಯ ಬೋರ್ಡಿನ ತಪ್ಪು ‘ಮಾನಸಿಕ’ ಎಂಬ ಶಬ್ದದಲ್ಲಿ ಇರಲಿಲ್ಲ. ‘ಸಮಸ್ಯೆಯುಳ್ಳ ವಿದ್ಯಾರ್ಥಿಗಳು’ ಎಂದು ಮನುಷ್ಯರನ್ನು ವಿಂಗಡಿಸಿದ್ದರಲ್ಲಿ ಇತ್ತು. ಕಣ್ಣಿನ ವಿಭಾಗದ ಬಾಗಿಲ ಮೇಲೆ ಯಾರೂ ‘ದೃಷ್ಟಿದೋಷವುಳ್ಳವರ ಕೇಂದ್ರ’ ಎಂದು ಬರೆಯುವುದಿಲ್ಲ. ಪುಸ್ತಕದ ಬದಲಿಗೆ ಸಮಾಲೋಚಕರ ಬಳಿಯೇ ಇರುವ, ಬೀಗದ ಒಳಗಿನ ಕಡತ. ಪ್ರವೇಶದ ದಿನ ತಂದೆತಾಯಿಗೆ ಹತ್ತು ನಿಮಿಷ ಮತ್ತು ಒಂದು ಚೀಟಿ. ಆ ಹತ್ತು ನಿಮಿಷ ನಾನೇ ಮಾತಾಡುತ್ತೇನೆ, ಥೈರಾಯ್ಡ್ ಎಂದು ಹೇಳಿದ್ದ ಕಾಯಿಲೆಯ ಹೆಸರನ್ನು ಹೇಳಿಯೇ ಮಾತಾಡುತ್ತೇನೆ. ಅಮ್ಮನಿಗೆ ನಿನ್ನೆ ರಾತ್ರಿ ಮೊದಲ ಬಾರಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಬಸ್ ಸ್ಟ್ಯಾಂಡಿನಲ್ಲಿ ಊಟ ಏನು ಮಾಡುತ್ತಿದ್ದೆ?’ ಎಂದು ಕೇಳಿದರು.

ಚೀಟಿಯ ಕರಡು ಇದು. ‘ನಿಮ್ಮ ಮಗ ಅಥವಾ ಮಗಳು ಎರಡು ವಾರಕ್ಕಿಂತ ಹೆಚ್ಚು ಕಾಲ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾರೆ, ಯಾರ ಜೊತೆಗೂ ಬೆರೆಯುತ್ತಿಲ್ಲ, ಅಥವಾ ಬದುಕು ಬೇಡವೆಂದು ಮಾತಾಡುತ್ತಿದ್ದಾರೆ ಎಂದಾದರೆ ಅದು ಸೋಮಾರಿತನವೂ ಅಲ್ಲ, ಸೊಕ್ಕೂ ಅಲ್ಲ. ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆಯಾಗಿರಬಹುದು. ಬದುಕು ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯದೆ ಅಂದೇ ಕರೆ ಮಾಡಿ. ಟೆಲಿ ಮಾನಸ್: 14416, ದಿನದ 24 ಗಂಟೆ, ಉಚಿತ.’ ಇದರ ಕೆಳಗೆ ಸಮಾಲೋಚಕರ ಸಂಖ್ಯೆ ಬರುತ್ತದೆ.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಚೀಟಿ ಚೆನ್ನಾಗಿದೆ. ಮೂರು ಬದಲಾವಣೆ ಬೇಕು. ‘ಒಬ್ಬರೇ ಮಾತಾಡುವುದು, ಇಲ್ಲದ ಅನುಮಾನ ಪಡುವುದು’ ಎಂಬುದನ್ನೂ ಸೇರಿಸಿ, ನಮ್ಮ ಮನೆಯಲ್ಲಿ ಇದ್ದದ್ದು ಅದು. ಮತ್ತೆ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ವಿಷಯವನ್ನೂ ಬರೆಯಿರಿ. ಶಿವಮೊಗ್ಗದವರೆಗೆ ಹೋಗಲಾಗದವರು ಇದ್ದಾರೆ. ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದೆಂದೂ ಒಂದು ಸಾಲು ಇರಲಿ. ಸ್ವಲ್ಪ ಗುಣವಾಯಿತೆಂದು ನಾವೇ ನಿಲ್ಲಿಸಿ ಒಮ್ಮೆ ಪೆಟ್ಟು ತಿಂದಿದ್ದೇವೆ.

ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ

ಆರೋಗ್ಯ ಕೇಂದ್ರದ ಬೆಂಚು ನನಗೆ ಒಪ್ಪಿಗೆ, ಮೇಡಂ. ಬಾಗಿಲ ಮೇಲೆ ‘ಮನೋಆರೋಗ್ಯ ಮತ್ತು ಆಪ್ತ ಸಮಾಲೋಚನೆ’ ಎಂದು ಬರೆಯಬಹುದೆಂದು ನನ್ನ ಸಲಹೆ. ವೇಳೆಯ ಬಗ್ಗೆಯೂ ಸಭೆಯಲ್ಲಿ ಹೇಳಿ. ಈಗ ಹತ್ತರಿಂದ ನಾಲ್ಕರವರೆಗೆ ಮಾತ್ರ ತೆರೆದಿರುತ್ತದೆ. ನಮ್ಮ ಪ್ರಯೋಗಾಲಯದ ತರಗತಿಗಳು ಮುಗಿಯುವುದೇ ನಾಲ್ಕೂವರೆಗೆ. ವಾರದಲ್ಲಿ ಎರಡು ದಿನವಾದರೂ ಸಂಜೆ ಆರರವರೆಗೆ ಇದ್ದರೆ, ಹಾಸ್ಟೆಲ್‌ನವರು ನಡೆದು ಬರಬಹುದು ಮತ್ತು ಊರಿಂದ ಓಡಾಡುವವರು ಆರೂವರೆಯ ಬಸ್ಸು ಹಿಡಿಯಬಹುದು. ಕೋಣೆಯ ಗೆಳತಿಗೆ ಈ ಚರ್ಚೆಯನ್ನು ಓದಲು ಕೊಟ್ಟೆ. ಸಂಜೆ ತೆರೆದಿರುತ್ತದೆಯೇ ಎಂದು ಕೇಳಿದವಳು ಅವಳೇ.